ಕೃಪೆ ಯಾರ ಕೈಯಲ್ಲಿದೆ?

ನಾನಿರುವ ವಿಶ್ವೇಶ್ವರಪುರದಲ್ಲಿ ‘ಮೆರಿಟ್’ ಅನ್ನುವ ಮಾತು ಕಿವಿಗೆ ಬೀಳದೆ ಒಂದು ವಾರ ಕಳೆಯುವುದು ಕಷ್ಟ. ಬಡಾವಣೆಯ ಹೆಸರೇ ಆ ಮಾತಿಗೆ ಗಂಟುಬಿದ್ದಿದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪ್ರಾತಿನಿಧ್ಯ ಕೊಡಲೆಂದು ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಇದರಿಂದ ಅರ್ಹತೆಗೆ ಪೆಟ್ಟು ಅಂತ ದಿವಾನ್ ವಿಶ್ವೇಶ್ವರಯ್ಯನವರು ಒಪ್ಪಲಿಲ್ಲ. ಆ ವರ್ಷದ ಕೊನೆಗೆ ದಿವಾನಗಿರಿಯನ್ನೇ ಬಿಟ್ಟರು. ಅರ್ಹತೆಯ ಈ ವಾದಕ್ಕೆ ನಮ್ಮಲ್ಲಿ ಇನ್ನೂ ಹಳೆಯ ಬೇರಿದೆ. ಹಿಂದಿನ ಜನ್ಮದಲ್ಲಿ ಗಳಿಸಿದ್ದು ಈ ಜನ್ಮದ ಜಾತಿ, ಹೊಲಗೇರಿಯಲ್ಲಿ ಹುಟ್ಟಿದವನು ಹೊಲಗೇರಿಗೇ ಅರ್ಹ ಎನ್ನುವ ಕರ್ಮದ ಲೆಕ್ಕ ಅದು.

ಇಲ್ಲಿಂದ ನಡೆದುಹೋಗುವ ದೂರದಲ್ಲಿ ಎರಡು ಹಳೆಯ ಚರ್ಚುಗಳಿವೆ. ಅವೆನ್ಯೂ ರಸ್ತೆಯದು ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಹೆಸರಿನದು. ಕಾರ್ಪೊರೇಷನ್ ಬಳಿಯದು ವೆಸ್ಲಿಯನ್ ಮಿಷನ್ನಿನ ಹಡ್ಸನ್ ಹೆಸರಿನದು. ಇಬ್ಬರೂ ಕನ್ನಡದಲ್ಲಿ ಬೋಧಿಸಿದ್ದು ಒಂದೇ ಶಬ್ದ: ಕೃಪೆ. ಪುಣ್ಯ ಗಳಿಸಿ ಯಾರೂ ರಕ್ಷಣೆ ಪಡೆಯಲಾರರು, ಅದು ದೇವರು ಕೊಟ್ಟರೆ ಉಂಟು. ಆದರೆ ಈ ಎರಡು ಮಿಷನ್ನುಗಳ ಪೂರ್ವಿಕರು ಇಂಗ್ಲೆಂಡಿನಲ್ಲಿ ಇದೇ ವಿಷಯಕ್ಕೆ ಜಗಳವಾಡಿದ್ದರು. ಯಾರು ಉದ್ಧಾರವಾಗಬೇಕೆಂದು ದೇವರು ಮೊದಲೇ ಆರಿಸಿದ್ದಾನೆ ಅನ್ನುವುದು ಕ್ಯಾಲ್ವಿನ್ ಪರಂಪರೆ. 1739ರಲ್ಲಿ ಜಾನ್ ವೆಸ್ಲಿ ಅದನ್ನು ಕಟುವಾಗಿ ಖಂಡಿಸಿ, ಕೃಪೆ ಎಲ್ಲರಿಗೂ ತೆರೆದದ್ದು ಅಂದ. ಗೆಳೆಯ ಜಾರ್ಜ್ ವೈಟ್‌ಫೀಲ್ಡ್ ಅವನಿಗೆ ಎದುರಾದ. ಜಗಳ ತೀರದಿದ್ದರೂ 1947ರಲ್ಲಿ ಎರಡೂ ಕವಲುಗಳು ದಕ್ಷಿಣ ಭಾರತ ಸಭೆಯಲ್ಲಿ ಸೇರಿಕೊಂಡವು.

ಹುಟ್ಟುವ ಮೊದಲೇ ಬರೆದಿಟ್ಟ ಪಟ್ಟಿ ಅಂದರೆ ಯಾವ ದಲಿತನಿಗೂ ಮೈ ಉರಿಯುತ್ತದೆ. ಅಂಥ ಪಟ್ಟಿಯನ್ನೇ ಅಲ್ಲವೇ ಮನು ಬರೆದದ್ದು? ಹಾಗಾಗಿ ನನ್ನ ಮನಸ್ಸು ಮೊದಲು ವಾಲುವುದು ವೆಸ್ಲಿಯ ಕಡೆಗೇ. ಆದರೂ ಪೌಲನ ವಾದವನ್ನು ಸುಮ್ಮನೆ ಬಿಸಾಡುವಂತಿಲ್ಲ. ಯಾಕೋಬ, ಏಸಾವ ಒಳ್ಳೇದು ಕೆಟ್ಟದ್ದು ಮಾಡುವ ಮೊದಲೇ ಆಯ್ಕೆ ಆಯಿತು ಅಂತ ಅವನು ಹೇಳುವುದು ಯೋಗ್ಯತೆಯ ಬೇರು ಕೀಳಲಿಕ್ಕೆ. ಕೊರಿಂಥದವರಿಗೆ ಬರೆದಾಗ ಅವನು ಇನ್ನೂ ಮುಂದೆ ಹೋಗುತ್ತಾನೆ: ದೇವರು ಆರಿಸಿದ್ದು ಲೋಕ ತುಚ್ಛವಾಗಿ ಕಂಡವರನ್ನು. ಕರ್ಮದ ಲೆಕ್ಕದಲ್ಲಿ ಈ ಮಾತಿಗೆ ಜಾಗವೇ ಇಲ್ಲ.

ನಮ್ಮ ಗೆಳೆಯರು ಇಲ್ಲಿ ಆಕ್ಷೇಪ ಎತ್ತುತ್ತಾರೆ: ನಮಗೆ ಬೇಕಾದ್ದು ಹಕ್ಕು, ಕೃಪೆ ಅಲ್ಲ. ಸರಿಯೇ. ಕನ್ನಡದಲ್ಲಿ ಕೃಪೆ ಅರಮನೆಯ, ಒಡೆಯರ ಶಬ್ದ. ಜೀತದಾಳಿಗೆ ದಣಿಯ ಕೃಪೆ ಏನೆಂದು ಚೆನ್ನಾಗಿ ಗೊತ್ತು. ಮಿಷನ್ ಕಾಂಪೌಂಡಿನಲ್ಲಿ ಕೃಪೆ ದೇವರಿಂದ ಇಳಿದು ದೊರೆಯ ಕೈಗೆ, ಆಮೇಲೆ ಸಭೆಯ ಹಿರಿಯರ ಕೈಗೆ ಬಂದದ್ದೂ ಉಂಟು. ಆದರೆ ‘ಸಾರ್ವಭೌಮ’ ಅನ್ನುವ ವಿಶೇಷಣವನ್ನು ನಿಜವಾಗಿ ನಂಬಿದರೆ ಆಗುವುದು ಬೇರೆ. ದೇವರು ಯಾರ ಶಿಫಾರಸಿಗೂ ಕಾಯದವನಾದರೆ ಪಾದ್ರಿ, ಪುರೋಹಿತ, ದಣಿ ಯಾರೂ ಅದರ ಹಂಚಿಕೆದಾರರಲ್ಲ. ಈ ದಲ್ಲಾಳಿಗಳನ್ನು ತಳ್ಳುವ ಅರ್ಥವನ್ನು ನಮ್ಮ ಸಭೆಗಳು ಬೋಧಿಸಿದ್ದು ಕಡಿಮೆ. ಬೋಧಿಸಿದ್ದರೆ ತಮಿಳುನಾಡಿನ ಊರುಗಳಲ್ಲಿ ದಲಿತ ಕ್ರೈಸ್ತರಿಗೆ ಬೇರೆ ಸಮಾಧಿ, ಬೇರೆ ಗೋಡೆ ಏಳುತ್ತಿರಲಿಲ್ಲ.

1981ರಲ್ಲಿ ಬೆಂಗಳೂರಿನದೇ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವಶಾಸ್ತ್ರ ಬೇಕು ಅಂತ ಭಾಷಣ ಮಾಡಿದರು. ದಲಿತ ದೇವಶಾಸ್ತ್ರದ ಆರಂಭವನ್ನು ಅಲ್ಲಿಂದ ಎಣಿಸುವವರಿದ್ದಾರೆ. ಮುಂದೆ ಅವರು ದೇವರನ್ನೇ ಸೇವಕ, ದಲಿತ ಅಂದರು. ಆಗ ಕೃಪೆ ಮೇಲಿನಿಂದ ಇಳಿಯುವ ದಾನ ಆಗಲಾರದು, ಪಕ್ಕದಲ್ಲಿ ಕೂತು ದುಡಿಯುವವನ ಜೊತೆಗಾರಿಕೆ ಆಗುತ್ತದೆ.

ಇನ್ನು ಸರ್ಕಾರ. ಪರಿಶಿಷ್ಟ ಜಾತಿಗಳ 1950ರ ಆದೇಶ ಹಿಂದೂಗಳಲ್ಲದವರನ್ನು ಹೊರಗಿಟ್ಟಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆಗೆಯಿತು, ಕ್ರೈಸ್ತರಿಗೆ ಮುಸ್ಲಿಮರಿಗೆ ತೆಗೆಯಲಿಲ್ಲ. ಮದ್ರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ, ಚಮ್ಮಾರರಿಗೆ ಕೊಡುತ್ತಿದ್ದ ಉಚಿತ ಬಂಕ್ ತನಗೂ ಬೇಕು ಅಂತ ಸುಪ್ರೀಂ ಕೋರ್ಟಿನ ತನಕ ಹೋದರು. ಮತಾಂತರದ ಮೇಲೂ ಜಾತಿ ಉಳಿದಿದೆ ಅಂದರೆ ಸಾಲದು, ಹಿಂದೂ ದಲಿತನಷ್ಟೇ ಘೋರವಾದ ಕಷ್ಟ ಉಳಿದಿದೆ ಅಂತ ತೋರಿಸಬೇಕು ಅಂದಿತು 1985ರ ತೀರ್ಪು. ಅಂದರೆ ಮತ್ತೆ ಅರ್ಹತೆಯ ಪುರಾವೆ, ಈ ಸಲ ನೋವಿನ ಅಳತೆಯಲ್ಲಿ. ಸೂಸೈ ಅರ್ಜಿ ವಜಾ ಆಯಿತು, ಬಂಕ್ ಸಿಗಲಿಲ್ಲ.