ಬಿಡದ ಕೆಮ್ಮು, ಗಂಟಲಿನ ಸದ್ದು: ಕಾರಣಗಳು ಹಲವು

ಕೆಮ್ಮು ಸ್ವತಃ ರೋಗವಲ್ಲ, ರೋಗದ ಸೂಚನೆ. ಶ್ವಾಸನಾಳವನ್ನು ಹೊಕ್ಕ ಧೂಳು, ಕಫ, ಆಹಾರದ ಕಣಗಳನ್ನು ಹೊರದೂಡಲು ದೇಹಕ್ಕಿರುವ ರಕ್ಷಣೋಪಾಯವದು. ನೆಗಡಿಯೊಡನೆ ಬಂದ ಕೆಮ್ಮು ಸಾಮಾನ್ಯವಾಗಿ 3 ವಾರಗಳೊಳಗೆ ತಾನಾಗಿಯೇ ಶಮನಗೊಳ್ಳುತ್ತದೆ. ವಯಸ್ಕರಲ್ಲಿ 8 ವಾರ, ಮಕ್ಕಳಲ್ಲಿ 4 ವಾರ ಮೀರಿ ಉಳಿದರೆ ಅದನ್ನು ದೀರ್ಘಕಾಲದ ಕೆಮ್ಮು ಎಂದು ಪರಿಗಣಿಸಲಾಗುತ್ತದೆ. ಆದರೆ ಕ್ಷಯ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಅಷ್ಟು ದಿನ ಕಾಯುವುದು ತರವಲ್ಲ.

ಮೊದಲು ಕ್ಷಯದ ಪರೀಕ್ಷೆ

2 ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಕೆಮ್ಮು ಇದ್ದವರು ಕ್ಷಯದ ತಪಾಸಣೆ ಮಾಡಿಸಿಕೊಳ್ಳಬೇಕೆಂಬುದು ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದ ನಿಯಮ. ಸಂಜೆಯ ಜ್ವರ, ರಾತ್ರಿ ಬೆವರುವುದು, ತೂಕ ಇಳಿಯುವುದು, ಕಫದಲ್ಲಿ ರಕ್ತ ಕಾಣಿಸುವುದು ಸಂಶಯವನ್ನು ಬಲಪಡಿಸುವ ಲಕ್ಷಣಗಳು. ಇವು ಇಲ್ಲವೆಂದ ಮಾತ್ರಕ್ಕೆ ಕ್ಷಯವಿಲ್ಲವೆಂದು ತೀರ್ಮಾನಿಸಲಾಗದು. ಕಫದ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ.

ಈ ಎಚ್ಚರಿಕೆಯ ಹಿಂದೆ ಕರ್ನಾಟಕದ್ದೇ ಒಂದು ಪಾಠವಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಸಂಶೋಧಕರು ತುಮಕೂರು ಜಿಲ್ಲೆಯಲ್ಲಿ ಅಧ್ಯಯನವೊಂದನ್ನು ನಡೆಸಿ, ಅದರ ವರದಿಯನ್ನು 1963ರಲ್ಲಿ ಪ್ರಕಟಿಸಿದರು. ಹಳ್ಳಿಯ ರೋಗಿಗಳು ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲವೆಂಬ ನಂಬಿಕೆ ಆಗ ಪ್ರಬಲವಾಗಿತ್ತು. ಅಧ್ಯಯನ ಕಂಡದ್ದು ಬೇರೆಯೇ. ಕ್ಷಯಪೀಡಿತರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಆಧುನಿಕ ಚಿಕಿತ್ಸೆಯನ್ನು ಅರಸಿ ಹೋಗಿದ್ದರು. ಅವರಿಗೆ ದೊರೆತದ್ದು ಬಹುಮಟ್ಟಿಗೆ ಕೆಮ್ಮಿನ ಔಷಧದ ಸೀಸೆ ಮಾತ್ರ. ಕಾರಣ ಹುಡುಕದೆ ಕೆಮ್ಮನ್ನಷ್ಟೇ ಅಡಗಿಸುವುದರ ಅಪಾಯವನ್ನು ಇದು ಇಂದಿಗೂ ನೆನಪಿಸುತ್ತದೆ.

ಎಕ್ಸ್‌ರೇಯಲ್ಲಿ ಕಾಣದ ಕಾರಣಗಳು

ಎದೆಯ ಎಕ್ಸ್‌ರೇ ಸಹಜವಾಗಿದ್ದು, ಧೂಮಪಾನದ ಅಭ್ಯಾಸವೂ ಇಲ್ಲದವರಲ್ಲಿ ಕೆಮ್ಮು ಮುಂದುವರಿದರೆ ಮುಖ್ಯವಾಗಿ ಮೂರು ಕಾರಣಗಳನ್ನು ಪರಿಶೀಲಿಸಲಾಗುತ್ತದೆ.

ಮೊದಲನೆಯದು, ಅಲರ್ಜಿ ಅಥವಾ ಸೈನಸ್ ತೊಂದರೆಯಿಂದ ಮೂಗಿನ ಹಿಂಭಾಗದ ಮೂಲಕ ಗಂಟಲಿಗೆ ಇಳಿಯುವ ಲೋಳೆ. ಇಂಥವರು ಪದೇ ಪದೇ ಗಂಟಲು ಕೆರೆದು ಸರಿಪಡಿಸಿಕೊಳ್ಳುತ್ತಾರೆ.

ಎರಡನೆಯದು ಉಬ್ಬಸ. ಕೆಲವರಲ್ಲಿ ಏದುಸಿರಾಗಲಿ ಶಿಳ್ಳೆಯಂಥ ಸದ್ದಾಗಲಿ ಇಲ್ಲದೆ, ರಾತ್ರಿ ಮತ್ತು ಬೆಳಗಿನ ಜಾವದ ಒಣಕೆಮ್ಮೇ ಉಬ್ಬಸದ ಏಕೈಕ ಲಕ್ಷಣವಾಗಿರಬಹುದು. ಧೂಳು, ತಂಪುಗಾಳಿ, ಪರಾಗ, ವ್ಯಾಯಾಮ ಇದನ್ನು ಕೆರಳಿಸುತ್ತವೆ.

ಮೂರನೆಯದು, ಜಠರದ ಆಮ್ಲ ಅನ್ನನಾಳದಲ್ಲಿ ಮೇಲೇರುವುದು. ಎದೆಯುರಿ, ಹುಳಿತೇಗು ಇಲ್ಲದೆಯೂ ಇದು ಕೆಮ್ಮು ತರಬಲ್ಲದು. ಊಟವಾದ ಕೂಡಲೇ ಮಲಗಿದಾಗ ಕೆಮ್ಮು ಹೆಚ್ಚುವುದು, ಬೆಳಿಗ್ಗೆ ಧ್ವನಿ ಒಡೆದಿರುವುದು ಇದರ ಸುಳಿವು.

ಹೊಗೆ ಮತ್ತು ಗುಳಿಗೆ

ಬೀಡಿ, ಸಿಗರೇಟು ಸೇದುವವರು ಬೆಳಗಿನ ಕಫದ ಕೆಮ್ಮನ್ನು ಸಹಜವೆಂದು ಅಲಕ್ಷಿಸುವುದುಂಟು. ಶ್ವಾಸನಾಳಗಳು ಕ್ರಮೇಣ ಕಿರಿದಾಗುವ ದೀರ್ಘಕಾಲೀನ ಶ್ವಾಸಕೋಶ ಕಾಯಿಲೆಯ ಆರಂಭ ಅದಾಗಿರಬಹುದು. ಎಂದೂ ಬೀಡಿ ಮುಟ್ಟದ, ಆದರೆ ವರ್ಷಗಟ್ಟಲೆ ಸೌದೆ ಒಲೆಯ ಮುಂದೆ ಕುಳಿತ ಮಹಿಳೆಯರಿಗೂ ಈ ಕಾಯಿಲೆ ತಪ್ಪಿದ್ದಲ್ಲ.

ರಕ್ತದೊತ್ತಡಕ್ಕೆ ನೀಡುವ ಎನಾಲಪ್ರಿಲ್, ರಾಮಿಪ್ರಿಲ್, ಲಿಸಿನೋಪ್ರಿಲ್ ಗುಂಪಿನ ಔಷಧಗಳು ಕೆಲವರಲ್ಲಿ ಒಣಕೆಮ್ಮು ಉಂಟುಮಾಡುತ್ತವೆ. ಗುಳಿಗೆ ಆರಂಭಿಸಿ ತಿಂಗಳುಗಳ ನಂತರವೂ ಇದು ಕಾಣಿಸಿಕೊಳ್ಳಬಹುದು. ತಾವಾಗಿಯೇ ಗುಳಿಗೆ ನಿಲ್ಲಿಸದೆ ವೈದ್ಯರಿಗೆ ತಿಳಿಸಿದರೆ ಬದಲಿ ಔಷಧ ಲಭ್ಯವಿದೆ.

ಸದ್ದು ನೀಡುವ ಸುಳಿವು

ಉಸಿರು ಬಿಡುವಾಗ ಕೇಳುವ ಶಿಳ್ಳೆಯಂಥ ಸದ್ದು ಸಾಮಾನ್ಯವಾಗಿ ಎದೆಯೊಳಗಿನ ಕಿರು ಶ್ವಾಸನಾಳಗಳು ಕುಗ್ಗಿರುವುದನ್ನು ಸೂಚಿಸುತ್ತದೆ. ಉಸಿರು ಎಳೆದುಕೊಳ್ಳುವಾಗ ಕೇಳುವ ಕರ್ಕಶ ಸದ್ದು ಧ್ವನಿಪೆಟ್ಟಿಗೆಯ ಬಳಿಯ ಅಡಚಣೆಯ ಲಕ್ಷಣ. ಇದು ತುರ್ತು ಸ್ಥಿತಿ. ಗೊರಗೊರ ಸದ್ದು ಕಫ ಶೇಖರವಾಗಿರುವುದರ ಗುರುತು. ಕೆಮ್ಮಿನ ಸರಣಿಯ ಕೊನೆಗೆ ಉದ್ದನೆಯ ಕೂಗಿನಂಥ ಉಸಿರೆಳೆತವಿದ್ದರೆ ನಾಯಿಕೆಮ್ಮನ್ನು ಶಂಕಿಸಬೇಕು.

3 ವಾರ ಮೀರಿದ ಧ್ವನಿ ಬದಲಾವಣೆಗೆ, ವಿಶೇಷವಾಗಿ ತಂಬಾಕು ಬಳಸುವವರಲ್ಲಿ, ಗಂಟಲಿನ ಕ್ಯಾನ್ಸರ್ ಸಾಧ್ಯತೆಯನ್ನು ತಳ್ಳಿಹಾಕಲು ಕಿವಿ-ಮೂಗು-ಗಂಟಲು ತಜ್ಞರಿಂದ ಧ್ವನಿಪೆಟ್ಟಿಗೆಯ ಪರೀಕ್ಷೆ ಅಗತ್ಯ.

ಮಕ್ಕಳ ವಿಷಯದಲ್ಲಿ

ಚೆನ್ನಾಗಿಯೇ ಆಡುತ್ತಿದ್ದ ಮಗು ಏಕಾಏಕಿ ಕೆಮ್ಮತೊಡಗಿದರೆ ಕಡಲೆಕಾಯಿ ಬೀಜ, ಮಣಿ ಇತ್ಯಾದಿ ಶ್ವಾಸನಾಳ ಸೇರಿರಬಹುದು. ಆರಂಭದ ಕೆಮ್ಮು ಅಡಗಿದರೂ ವಸ್ತು ಒಳಗೇ ಉಳಿದು, ದಿನಗಳ ನಂತರ ಜ್ವರ, ಕಫಕ್ಕೆ ಎಡೆಮಾಡುವುದುಂಟು. ಇನ್ನು ಕೆಲವು ಮಕ್ಕಳು ಕಾರಣವಿಲ್ಲದೆ ಗಂಟಲು ಕೆರೆಯುವ, ಹೂಂಕರಿಸುವ ಸದ್ದು ಮಾಡುತ್ತಾರೆ. ನಿದ್ರೆಯಲ್ಲಿ ಅದು ಬಹುತೇಕ ನಿಂತಿರುತ್ತದೆ. ಇದು ಟಿಕ್ ಎಂಬ ನರಸಂಬಂಧಿ ತೊಂದರೆಯಾಗಿರಬಹುದು. ಗದರುವುದರಿಂದ ಪ್ರಯೋಜನವಿಲ್ಲ, ಹಲವರಲ್ಲಿ ವಯಸ್ಸಿನೊಂದಿಗೆ ಕಡಿಮೆಯಾಗುತ್ತದೆ.

ಕೆಮ್ಮಿನ ಸಿರಪ್ಪನ್ನು ಮಕ್ಕಳಿಗೆ ತಾವಾಗಿಯೇ ಕುಡಿಸುವುದು ಸಲ್ಲದು. 2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದಲ್ಲಿ ಮಕ್ಕಳ ಸಾವುಗಳು ವರದಿಯಾದ ಬೆನ್ನಿಗೇ ಕೇಂದ್ರ ಆರೋಗ್ಯ ಸಚಿವಾಲಯ ಸೂಚನೆ ಹೊರಡಿಸಿ, 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧ ನೀಡಬಾರದು, 5 ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಸೂಕ್ತವಲ್ಲ ಎಂದು ತಿಳಿಸಿತು. ಒಂದು ವರ್ಷ ದಾಟಿದ ಮಕ್ಕಳಿಗೆ ಮಲಗುವ ಮುನ್ನ ಸ್ವಲ್ಪ ಜೇನುತುಪ್ಪ ಹಿತಕರ. ಅದಕ್ಕಿಂತ ಚಿಕ್ಕವರಿಗೆ ಜೇನು ಕೊಡಬಾರದು.

ತಡಮಾಡಬಾರದ ಲಕ್ಷಣಗಳು

* ಕಫದಲ್ಲಿ ರಕ್ತ
* ಉಸಿರಾಟದ ತೊಂದರೆ, ತುಟಿ ನೀಲಿಗಟ್ಟುವುದು
* ನುಂಗಲು ಕಷ್ಟ, ಕುತ್ತಿಗೆಯಲ್ಲಿ ಗಂಟು
* ಎದೆನೋವು, ಕಾಲುಗಳಲ್ಲಿ ಊತ
* ಕಾರಣವಿಲ್ಲದೆ ತೂಕ ಇಳಿಯುವುದು

ವೈದ್ಯರನ್ನು ಕಾಣುವಾಗ ಕೆಮ್ಮು ಆರಂಭವಾದ ದಿನ, ಹೆಚ್ಚುವ ಹೊತ್ತು, ಕಫದ ಬಣ್ಣ, ಸೇವಿಸುತ್ತಿರುವ ಎಲ್ಲ ಗುಳಿಗೆಗಳ ವಿವರ, ಮನೆಯಲ್ಲಿ ಯಾರಿಗಾದರೂ ಕ್ಷಯವಿತ್ತೇ ಎಂಬ ಮಾಹಿತಿ ಸಿದ್ಧವಿರಲಿ. ಸದ್ದು ಆಗಾಗ ಬಂದು ಹೋಗುವುದಾದರೆ ಅದನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಂಡು ಹೋಗುವುದೂ ರೋಗನಿರ್ಣಯಕ್ಕೆ ನೆರವಾಗುತ್ತದೆ.