ನಿಲ್ಲಿಸಲಾಗದ ಪಂಪುಗಳು

ಗಣಿಯೊಂದು ಮುಚ್ಚಿದರೆ ಅದರ ಖರ್ಚೂ ಅಲ್ಲಿಗೆ ಮುಗಿಯಿತೆಂದು ನಾವು ಭಾವಿಸುತ್ತೇವೆ. ಜರ್ಮನಿಯ ರೂರ್ ಪ್ರದೇಶದ ಅನುಭವ ಬೇರೆಯೇ. ಅಲ್ಲಿನ ಕೊನೆಯ ಕಲ್ಲಿದ್ದಲು ಗಣಿ, ಬೊಟ್ರೋಪ್ ಪಟ್ಟಣದ ಪ್ರೊಸ್ಪರ್-ಹಾನಿಯೆಲ್, 2018ರ ಡಿಸೆಂಬರ್ 21ರಂದು ಮುಚ್ಚಿತು. ಕೊನೆಯ ಕಲ್ಲಿದ್ದಲಿನ ತುಂಡನ್ನು ಕಾರ್ಮಿಕರು ದೇಶದ ಅಧ್ಯಕ್ಷರ ಕೈಗಿತ್ತರು. ಆದರೆ ನೀರೆತ್ತುವ ಪಂಪುಗಳು ನಿಲ್ಲಲಿಲ್ಲ, ಮುಂದೆಯೂ ನಿಲ್ಲುವಂತಿಲ್ಲ. ಈ ಖರ್ಚಿಗೆ ಜರ್ಮನರು ಇಟ್ಟಿರುವ ಹೆಸರೇ ‘ಅನಂತ ವೆಚ್ಚ’. ಇದು ಹೇಗಾಯಿತೆಂದು ತಿಳಿಯಲು ಎಂಶರ್ ಎಂಬ ಸಣ್ಣ ನದಿಯ ಚರಿತ್ರೆಯನ್ನು ನೋಡಬೇಕು.

ಎಂಶರ್ ನದಿ ಡಾರ್ಟ್‌ಮಂಡ್ ನಗರದ ಬಳಿ ಹುಟ್ಟಿ, ಸುಮಾರು 80 ಕಿ.ಮೀ. ಹರಿದು ರೈನ್ ನದಿಯನ್ನು ಸೇರುತ್ತದೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅದರ ಕಣಿವೆಯ ತುಂಬ ಗಣಿಗಳು, ಕೋಕ್ ಒಲೆಗಳು, ಉಕ್ಕಿನ ಕಾರ್ಖಾನೆಗಳು ಎದ್ದವು. ಕಲ್ಲಿದ್ದಲನ್ನು ತೆಗೆದಲ್ಲಿ ಮೇಲಿನ ನೆಲ ಕುಸಿಯತೊಡಗಿತು. ಈ ಕುಸಿತ ಕಾಲಕ್ರಮದಲ್ಲಿ ಕೆಲವೆಡೆ 20 ಮೀಟರನ್ನೂ ಮೀರಿತು. ನದಿಗೆ ಮೊದಲೇ ಇಳಿಜಾರು ಕಡಿಮೆ. ಕೊಳಚೆ ಹರಿದುಹೋಗದೆ ಊರುಗಳಲ್ಲಿ ನಿಂತಿತು, ರೋಗಗಳು ಹಬ್ಬಿದವು. ಕೊನೆಗೆ 1899ರಲ್ಲಿ ಕಣಿವೆಯ ಪಟ್ಟಣಗಳೂ ಗಣಿಗಳೂ ಕಾರ್ಖಾನೆಗಳೂ ಸೇರಿ ‘ಎಂಶರ್‌ಗೆನೋಸೆನ್‌ಶಾಫ್ಟ್’ ಎಂಬ ಜಲ ಸಹಕಾರ ಸಂಘವನ್ನು ಸ್ಥಾಪಿಸಿದವು.

ಈ ಸಂಘದ ಎಂಜಿನಿಯರುಗಳು ಒಂದು ವಿಚಿತ್ರ ನಿರ್ಧಾರಕ್ಕೆ ಬಂದರು. ನೆಲದಡಿಯಲ್ಲಿ ಒಳಚರಂಡಿ ಹಾಕಿದರೆ ನೆಲ ಕುಸಿದಂತೆ ಕೊಳವೆಗಳು ಒಡೆಯುತ್ತವೆ. ಒಡೆದ ಕೊಳವೆಯಿಂದ ಸೋರುವ ಹೊಲಸು ಅಂತರ್ಜಲಕ್ಕೆ ಇಳಿಯುತ್ತದೆ. ಆದ್ದರಿಂದ ನದಿಯನ್ನೇ ನೇರಗೊಳಿಸಿ, ಕಾಂಕ್ರೀಟು ಹಾಸಿ, ತೆರೆದ ಚರಂಡಿಯನ್ನಾಗಿ ಮಾಡಿದರು. ಇದನ್ನು ದಡ್ಡತನ ಎನ್ನಲು ನನಗೆ ಮನಸ್ಸಿಲ್ಲ. ಒಂದು ಅಪಾಯವನ್ನು ತಪ್ಪಿಸಲು ನದಿಯೊಂದನ್ನು ಬಲಿ ಕೊಟ್ಟರು, ಅಷ್ಟೆ. ನೆಲ ಕುಸಿಯುತ್ತಲೇ ಇದ್ದುದರಿಂದ 1910ರಲ್ಲಿ ಒಮ್ಮೆ, 1949ರಲ್ಲಿ ಮತ್ತೊಮ್ಮೆ ನದಿ ರೈನ್ ಅನ್ನು ಸೇರುವ ಜಾಗವನ್ನೇ ಉತ್ತರಕ್ಕೆ ಸರಿಸಬೇಕಾಯಿತು. ಸಿವಿಲ್ ಎಂಜಿನಿಯರಿಂಗ್ ಪಠ್ಯಪುಸ್ತಕಗಳಲ್ಲಿ ‘ಇಮ್‌ಹಾಫ್ ಟ್ಯಾಂಕ್’ ಎಂದು ನೀವು ಓದಿರಬಹುದು. ಕೊಳಚೆಯ ಗಸಿಯನ್ನು ಬೇರ್ಪಡಿಸಿ ಕೊಳೆಸುವ ಆ ತೊಟ್ಟಿಯನ್ನು ಕಾರ್ಲ್ ಇಮ್‌ಹಾಫ್ ರೂಪಿಸಿದ್ದು ಈ ಸಂಘದ ಕೆಲಸದಲ್ಲಿದ್ದಾಗಲೇ.

ಇನ್ನು ಮಣ್ಣಿನ ವಿಷಯ. ಕಲ್ಲಿದ್ದಲನ್ನು ಗಾಳಿ ಸೋಕದಂತೆ ಕಾಯಿಸಿ ಕೋಕ್ ಮಾಡುವಾಗ ಟಾರು, ಬೆಂಜೀನ್, ಫೀನಾಲ್, ಸಯನೈಡ್‌ಗಳು ಹೊರಬರುತ್ತವೆ. ಸೋರಿದ್ದೆಲ್ಲ ದಶಕಗಳ ಕಾಲ ನೆಲದಲ್ಲಿ ಇಂಗಿತು. ಟಾರಿನಲ್ಲಿರುವ ಬಹುವಲಯ ಹೈಡ್ರೊಕಾರ್ಬನ್‌ಗಳು ನೀರಿನಲ್ಲಿ ಅಷ್ಟಾಗಿ ಕರಗವು, ಆದರೆ ಮಣ್ಣನ್ನು ಬಿಟ್ಟೂ ಹೋಗವು. ಅವುಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕ. ಬೆಂಜೀನ್ ಮತ್ತು ಫೀನಾಲ್ ಮಾತ್ರ ನೀರಿನೊಡನೆ ಸುಲಭವಾಗಿ ಸಾಗುತ್ತವೆ. 1980ರ ದಶಕದಲ್ಲಿ ಡಾರ್ಟ್‌ಮಂಡಿನ ಡೋರ್ಸ್ಟ್‌ಫೆಲ್ಡ್‌ನಲ್ಲಿ, ಹಳೆಯ ಕೋಕ್ ಕಾರ್ಖಾನೆಯ ನೆಲದ ಮೇಲೆ ಕಟ್ಟಿದ ಬಡಾವಣೆಯೊಂದರ ಮಣ್ಣಿನಲ್ಲಿ ಈ ವಿಷಗಳು ಪತ್ತೆಯಾದವು. ಜನ ಮನೆ ಕಟ್ಟಿ ವಾಸವಾದ ಮೇಲೆ! ಜರ್ಮನಿಯ ಮಣ್ಣು ಸಂರಕ್ಷಣಾ ಕಾಯಿದೆ ಬಂದದ್ದು 1998ರಲ್ಲಿ.

ಪಂಪುಗಳ ಮಾತಿಗೆ ಬರೋಣ. ಕುಸಿದ ನೆಲ ಈಗ ದೊಡ್ಡ ಬೋಗುಣಿಗಳಂತಿದೆ. ಎಂಶರ್ ಕಣಿವೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನೆಲದಿಂದ ನೀರು ತಾನಾಗಿ ಹರಿದುಹೋಗದು, ಎತ್ತಿ ಹಾಕಬೇಕು. ಎತ್ತದಿದ್ದರೆ ಊರುಗಳೇ ಕೆರೆಗಳಾದಾವು. ಅದಕ್ಕೂ ಮುಂಚೆ ಅಂತರ್ಜಲ ಮೇಲೇರಿ, ಹಳೆಯ ಕೋಕ್ ಕಾರ್ಖಾನೆಗಳ ಒಣ ಮಣ್ಣನ್ನು ತೋಯಿಸಿ, ಅಲ್ಲಿ ಸುಮ್ಮನಿದ್ದ ವಿಷವನ್ನು ಚಲಿಸುವಂತೆ ಮಾಡೀತು.

ಇನ್ನೂ ಆಳದಲ್ಲಿ ಗಣಿಯ ನೀರಿದೆ. 2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಸುರಂಗಗಳಲ್ಲಿ ನೀರು ತುಂಬಿದ್ದನ್ನು ನೀವು ಕೇಳಿರುತ್ತೀರಿ. ರೂರ್ ಗಣಿಗಳ ಆಳದ ನೀರು ಉಪ್ಪು. ಜೊತೆಗೆ ಬೇರಿಯಂ, ಕಬ್ಬಿಣ, ಹಿಂದೆ ಯಂತ್ರಗಳ ಎಣ್ಣೆಯಲ್ಲಿ ಬಳಸಿದ ಪಾಲಿಕ್ಲೋರಿನೇಟೆಡ್ ಬೈಫಿನೈಲ್‌ಗಳೂ ಇವೆ. ಇದು ಮೇಲಿನ ಕುಡಿಯುವ ನೀರಿನ ಸ್ತರವನ್ನು ಮುಟ್ಟಬಾರದು. ನೀರು ಹೆಚ್ಚಿನ ಮಟ್ಟದಿಂದ ಕಡಿಮೆ ಮಟ್ಟಕ್ಕೆ ಹರಿಯುತ್ತದೆಂಬ ಸರಳ ನಿಯಮವೇ ಇಲ್ಲಿ ಕಾವಲುಗಾರ: ಗಣಿಯ ನೀರು ಕುಡಿಯುವ ನೀರಿನ ಸ್ತರಕ್ಕಿಂತ ಕನಿಷ್ಠ 150 ಮೀಟರ್ ಕೆಳಗಿದ್ದರೆ ಅದು ಮೇಲಕ್ಕೆ ನುಗ್ಗಲಾರದು. ಒಂದು ಘನ ಮೀಟರ್ ನೀರನ್ನು 600 ಮೀಟರ್ ಎತ್ತಲು ಎಷ್ಟು ಶಕ್ತಿ ಬೇಕು? ನಿಮ್ಮ ವಿದ್ಯಾರ್ಥಿಗಳಿಗೆ ಕೊಡಿ. ಉತ್ತರ ಸುಮಾರು 1.6 ಯೂನಿಟ್, ಪಂಪಿನ ದಕ್ಷತೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ 2 ಯೂನಿಟ್ ದಾಟುತ್ತದೆ. ಅದನ್ನು ಕೋಟಿಗಟ್ಟಲೆ ಘನ ಮೀಟರ್‌ಗಳಿಗೆ, ಪ್ರತಿವರ್ಷಕ್ಕೆ ಗುಣಿಸಿ.

ಇದಕ್ಕೆಂದೇ 2007ರಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದರು. ವೆಚ್ಚ ವರ್ಷಕ್ಕೆ ಸುಮಾರು 22 ಕೋಟಿ ಯೂರೋ ಎಂದು ಅಂದಾಜಾಗಿತ್ತು. ಪ್ರತಿಷ್ಠಾನದ ಆಸ್ತಿಯಲ್ಲಿ ಮುಖ್ಯವಾದದ್ದು ಒಂದು ರಾಸಾಯನಿಕ ಕಂಪನಿಯ ಷೇರುಗಳು! ಅಂತರ್ಜಲದ ಕಾವಲಿಗೆ ಷೇರುಪೇಟೆಯ ಆಸರೆ.

ಎಂಶರ್ ನದಿಗೆ ಮಾತ್ರ ಬಿಡುಗಡೆ ಸಿಕ್ಕಿತು. ಗಣಿಗಾರಿಕೆ ಉತ್ತರಕ್ಕೆ ಸರಿದು ಕಣಿವೆಯ ನೆಲ ಕುಸಿಯುವುದು ನಿಂತ ಮೇಲೆ, 1990ರ ದಶಕದ ಆರಂಭದಲ್ಲಿ ಒಳಚರಂಡಿಯ ಕೆಲಸ ಶುರುವಾಯಿತು. ಡಾರ್ಟ್‌ಮಂಡಿನಿಂದ ಡಿನ್ಸ್‌ಲಾಕನ್‌ವರೆಗೆ 51 ಕಿ.ಮೀ. ಉದ್ದದ ಮುಖ್ಯ ಕೊಳವೆಯನ್ನು ಹಾಕಿದರು. ಕೊಳವೆಗೂ ಇಳಿಜಾರು ಬೇಕಲ್ಲವೆ? ಅದು ಆಳಕ್ಕಿಳಿಯುತ್ತ ಹೋದಂತೆ ಕೊಳಚೆಯನ್ನು ಮೇಲೆತ್ತಲು ಗೆಲ್ಸೆನ್‌ಕಿರ್ಷನ್, ಬೊಟ್ರೋಪ್, ಓಬರ್‌ಹೌಸನ್‌ಗಳಲ್ಲಿ ಮೂರು ಹೊಸ ಪಂಪ್ ಕೇಂದ್ರಗಳನ್ನು ಕಟ್ಟಬೇಕಾಯಿತು. 2021ರ ಕೊನೆಯಿಂದ ನದಿಗೆ ಕೊಳಚೆ ಬೀಳುತ್ತಿಲ್ಲ.