ನದಿಯ ಉದ್ದಕ್ಕೂ ಮೀನುಗಳು: ನೇತ್ರಾವತಿಯ ನಿದರ್ಶನ

ದೇರಾದ ನಿವಾಸಿಗಳಾದ ನಮಗೆ ನಿತ್ಯವೂ ಕಾಣುವ ಜಲರಾಶಿ ದುಬೈ ಖೋರ್. ಅದು ನದಿಯಲ್ಲ, ನೆಲದೊಳಕ್ಕೆ ಚಾಚಿದ ಕಡಲಿನ ತೋಳು. ಅದರ ತಲೆಯಲ್ಲಿ ಬೆಟ್ಟದ ತೊರೆಯಿಲ್ಲ. ಆದ್ದರಿಂದ ಉಗಮದಿಂದ ಅಳಿವೆಯವರೆಗೆ ಮೀನುಗಳ ಸಮುದಾಯ ಬದಲಾಗುವ ಬಗೆಯನ್ನು ವಿವರಿಸಲು ನಾನು ನೇತ್ರಾವತಿಯನ್ನು ಆರಿಸಿಕೊಂಡಿದ್ದೇನೆ. ಇಲ್ಲಿನ ಅನೇಕ ಕನ್ನಡಿಗರಿಗೆ ಅದು ಊರಿನ ಹೊಳೆ.

ತತ್ತ್ವ

ಬೆಲ್ಜಿಯಮ್ಮಿನ ಮಾರ್ಸೆಲ್ ಹ್ಯೂಯೆ 1949ರಲ್ಲಿ ಪಶ್ಚಿಮ ಯುರೋಪಿನ ನದಿಗಳನ್ನು ಇಳಿಜಾರು ಮತ್ತು ಅಗಲಗಳ ಆಧಾರದಿಂದ ಟ್ರೌಟ್, ಗ್ರೇಲಿಂಗ್, ಬಾರ್ಬೆಲ್, ಬ್ರೀಮ್ ಎಂಬ ನಾಲ್ಕು ಮೀನುವಲಯಗಳಾಗಿ ವಿಂಗಡಿಸಿದರು. 1980ರಲ್ಲಿ ರಾಬಿನ್ ವ್ಯಾನೋಟ್ ಮತ್ತು ಸಂಗಡಿಗರು ನದಿಯನ್ನು ಒಂದು ಅಖಂಡ ಸರಣಿಯೆಂದು ನಿರೂಪಿಸಿದರು: ಮೇಲಿನ ಕಾಡಿನಲ್ಲಿ ಉದುರಿದ ತರಗೆಲೆ ಕೊಳೆತು, ಪುಡಿಯಾಗಿ, ಕೆಳಪಾತ್ರದ ಜೀವಿಗಳಿಗೂ ಆಹಾರವಾಗುತ್ತದೆ.

ನೇತ್ರಾವತಿಯಲ್ಲಿ

ಕುದುರೆಮುಖ ಶ್ರೇಣಿಯಲ್ಲಿ ಹುಟ್ಟುವ ಈ ನದಿ ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಮಂಗಳೂರಿನ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಘಟ್ಟದ ತೊರೆಗಳಲ್ಲಿ ನೀರು ತಂಪು, ಸೆಳವು ಬಲು ಜೋರು. ಅಲ್ಲಿ ಬಾಳುವವು ಕೆಲವೇ ಜಾತಿಗಳು. ಗಾರಾದಂಥ ಸಣ್ಣ ಮೀನುಗಳು ಬಾಯಿಯ ಕೆಳಗಿನ ಹೀರುಬಿಲ್ಲೆಯಿಂದ ಬಂಡೆಗೆ ಅಂಟಿ ನಿಲ್ಲುತ್ತವೆ. ಕೆಳಗಿಳಿದಂತೆ ಆಳವಾದ ಮಡುಗಳು ದೊರೆತು ದೊಡ್ಡ ಮೈಯ ಮಹಶೀರ್ ಕಾಣಿಸುತ್ತದೆ. ಉಪನದಿ ಕಪಿಲೆಯ ದಡದ ಶಿಶಿಲೇಶ್ವರ ದೇವಾಲಯದ ಬಳಿ ಭಕ್ತರು ಅಕ್ಕಿ ಹಾಕಿ ಸಲಹುವುದು ಇದನ್ನೇ. ಬಯಲಿನ ನಿಧಾನ ನೀರಿನಲ್ಲಿ ಕೊರವ, ಮುಗುಡು ಮೊದಲಾದವು ಸೇರಿಕೊಳ್ಳುತ್ತವೆ.

ಗಮನಿಸಬೇಕಾದುದು ಇಷ್ಟು: ಸಿಹಿನೀರಿನ ಹರವಿನಲ್ಲಿ ಹಳೆಯ ಜಾತಿಗಳು ಒಮ್ಮೆಗೇ ಮರೆಯಾಗುವುದಕ್ಕಿಂತ ಹೊಸವು ಕೂಡುತ್ತ ಹೋಗುವುದೇ ಹೆಚ್ಚು. ನಿಜವಾದ ಪಲ್ಲಟ ಅಳಿವೆಯಲ್ಲಿ, ಉಪ್ಪಿನಿಂದ. ದೇರಾದ ಮೀನು ಮಾರುಕಟ್ಟೆಯಲ್ಲಿ ನಾವು ಹುಡುಕುವ ಕಾಣೆ, ಮಲಯಾಳಿಗಳ ಕರಿಮೀನು ಅಲ್ಲಿಯ ನಿವಾಸಿಗಳು.

ಸರಣಿ ಕಡಿದಾಗ

ಕೆಲವು ಮೀನುಗಳಿಗೆ ಒಂದೇ ವಲಯ ಸಾಲದು. ಮಹಶೀರ್ ಮಳೆಗಾಲದಲ್ಲಿ ಮೊಟ್ಟೆಯಿಡಲು ಮೇಲಕ್ಕೆ ಈಜುತ್ತದೆ. ಪಶ್ಚಿಮ ಘಟ್ಟದ ಹೊಳೆಗಳ ಹಾವುಮೀನು ಕಡಲಿನಲ್ಲಿ ಹುಟ್ಟಿ, ನದಿಯಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ಕಡಲಿಗೆ ಇಳಿಯುತ್ತದೆ. ತುಂಬೆಯ ಕಿಂಡಿ ಅಣೆಕಟ್ಟು ಮಂಗಳೂರಿಗೆ ಕುಡಿಯುವ ನೀರು ಕೊಡುತ್ತದೆ. 2024ರಲ್ಲಿ ಮೊದಲ ಹಂತ ಚಾಲನೆಗೊಂಡ ಎತ್ತಿನಹೊಳೆ ಯೋಜನೆ ಕೋಲಾರ, ಚಿಕ್ಕಬಳ್ಳಾಪುರಗಳ ಬಾಯಾರಿಕೆಗಾಗಿ ಮೇಲಿನ ತೊರೆಗಳ ನೀರನ್ನು ಪೂರ್ವಕ್ಕೆ ತಿರುಗಿಸುತ್ತದೆ. ಎರಡೂ ಅಗತ್ಯಗಳು ಸುಳ್ಳಲ್ಲ. ಆದರೆ ಅಣೆಕಟ್ಟು ಮೀನಿನ ದಾರಿಯನ್ನು ಕಟ್ಟುತ್ತದೆ, ನೀರಿನ ತಿರುವು ತೊರೆಯ ಸೆಳವನ್ನು ಕುಗ್ಗಿಸುತ್ತದೆ. ಆದುದರಿಂದ ಒಂದು ಮಡುವನ್ನೋ ಒಂದು ದೇವರಗುಂಡಿಯನ್ನೋ ಕಾಯ್ದರೆ ಸಾಲದು. ಕಾಯಬೇಕಾದುದು ನದಿಯ ಉದ್ದವನ್ನೇ ಎಂಬುದು ನನ್ನ ಅಭಿಮತ.